ಮಧ್ಯಾಹ್ನಕ್ಕೆ ಮೊದಲೇ ಮಾತ್ರೆ ಇಳಿದುಬಿಡುತ್ತದೆ: ಪಾರ್ಕಿನ್‌ಸನ್ ಔಷಧಿ ಬಗ್ಗೆ ನಿಮ್ಮ ಅನುಭವ ಹೇಳಿ

ತುಮಕೂರಿನಿಂದ, ಮಗ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 67 ವರ್ಷ. ಪಾರ್ಕಿನ್‌ಸನ್ ಅಂತ ಗೊತ್ತಾಗಿ ಆರು ವರ್ಷವಾಯಿತು. ಸಿಂಡೋಪಾ 110 ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 2ಕ್ಕೆ, ರಾತ್ರಿ 8ಕ್ಕೆ ಒಂದೊಂದು. ಮೊದಲ ನಾಲ್ಕು ವರ್ಷ ಪೇಟೆಗೂ ಒಬ್ಬರೇ ಹೋಗಿ ಬರುತ್ತಿದ್ದರು. ಈಗ ಹನ್ನೆರಡು ಹೊಡೆಯುವಷ್ಟರಲ್ಲಿ ಬೆಳಿಗ್ಗೆಯ ಮಾತ್ರೆಯ ಪ್ರಭಾವ ಇಳಿದು ಮೈ ಕೊರಡಿನ ಹಾಗೆ ಬಿಗಿಯುತ್ತದೆ. ಹೊಸ್ತಿಲ ಹತ್ತಿರ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. 2 ಗಂಟೆಯ ಮಾತ್ರೆ ಕೆಲವು ದಿನ ಹಿಡಿಯುವುದೇ ಇಲ್ಲ. ಚಿಕ್ಕಪ್ಪ ಮಾತ್ರೆ ಜಾಸ್ತಿ ಮಾಡು ಅನ್ನುತ್ತಾರೆ. ಸೋದರತ್ತೆ ಇವೆಲ್ಲ ಬಿಡಿಸಿ ನಸುಗುನ್ನಿ ಪುಡಿ ಕೊಡು ಅನ್ನುತ್ತಾರೆ. ಡಾಕ್ಟರನ್ನು ನೋಡುವುದು ಮುಂದಿನ ತಿಂಗಳು. ಅಲ್ಲಿಯವರೆಗೆ ನಾವು ಏನು ಗಮನಿಸಬೇಕು? ಅನುಭವ ಇರುವವರು ದಯವಿಟ್ಟು ಹೇಳಿ.

ಹಾಸನದಿಂದ, ಮಗಳು

ಅಣ್ಣಾ, ನಮ್ಮ ಅಮ್ಮನಿಗೆ ಇದು ಹತ್ತನೇ ವರ್ಷ. ಐದನೇ ವರ್ಷದಲ್ಲಿ ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಆಗ ನಾವೂ ಮಾತ್ರೆ ಸಾಲದು ಅಂದುಕೊಂಡೆವು. ಆಮೇಲೆ ಗೊತ್ತಾಯಿತು, ಎಷ್ಟು ಅನ್ನುವುದರ ಜೊತೆಗೆ ಯಾವಾಗ ಅನ್ನುವುದನ್ನು ನಾವು ನೋಡಿಯೇ ಇರಲಿಲ್ಲ.

ಡಾಕ್ಟರನ್ನು ನೋಡುವ ಮೊದಲು ಒಂದು ನೋಟ್‌ಬುಕ್ ಇಡಿ. ಮಾತ್ರೆ ನುಂಗಿದ್ದು ಎಷ್ಟು ಗಂಟೆಗೆ, ಹಿಡಿದಿದ್ದು ಯಾವಾಗ, ಇಳಿದಿದ್ದು ಯಾವಾಗ, ಆ ಹೊತ್ತಿನಲ್ಲಿ ಏನು ತಿಂದಿದ್ದರು. ಅಷ್ಟೇ ಸಾಕು. ಎರಡು ವಾರ ತಪ್ಪದೆ ಬರೆಯಿರಿ.

ನಮಗೆ ದಾರಿ ತೋರಿಸಿದ್ದು ಅವರೆಕಾಯಿ. ಸಂಕ್ರಾಂತಿ ಹಿಂದೆಮುಂದೆ ನಮ್ಮ ಕಡೆ ದಿನಾ ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಇದ್ದದ್ದೇ ಅಲ್ವಾ. ಆ ತಿಂಗಳು ಅಮ್ಮನಿಗೆ ಮಧ್ಯಾಹ್ನದ ಮಾತ್ರೆ ಹತ್ತರಲ್ಲಿ ಏಳು ದಿನ ಹಿಡಿಯಲಿಲ್ಲ. ಅನ್ನ, ತಿಳಿಸಾರು ಉಂಡ ದಿನ ಅದೇ ಮಾತ್ರೆ ಚೆನ್ನಾಗಿ ಹಿಡಿಯುತ್ತಿತ್ತು. ನೋಟ್‌ಬುಕ್ ನೋಡಿ ಡಾಕ್ಟರ್ ನಕ್ಕು ಹೇಳಿದರು, ಈ ಮಾತ್ರೆಯಲ್ಲಿರುವ ಲೆವೋಡೋಪಾ ಅನ್ನುವ ಔಷಧಿ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಹೋಗುವ ಬಾಗಿಲು, ಪ್ರೋಟೀನ್ ಜೀರ್ಣವಾಗಿ ಬರುವ ಅಮೈನೋ ಆಮ್ಲಗಳು ಹೋಗುವ ಬಾಗಿಲು ಒಂದೇ ಅಂತ. ಕಾಳು, ಬೇಳೆ, ಹಾಲು, ಮೊಸರು, ಮೊಟ್ಟೆ, ಮಾಂಸ ಹೊಟ್ಟೆಯಲ್ಲಿದ್ದರೆ ಬಾಗಿಲಲ್ಲಿ ನೂಕುನುಗ್ಗಲು. ಮಾತ್ರೆ ಹೊರಗೇ ನಿಲ್ಲುತ್ತದೆ. ಅದಕ್ಕೇ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು, ಅಥವಾ ಊಟವಾಗಿ ಒಂದು ಗಂಟೆಯ ಮೇಲೆ.

ಇದನ್ನು ಕೇಳಿ ಕಾಳು, ಹಾಲು ಪೂರ್ತಿ ನಿಲ್ಲಿಸಬೇಡಿ. ನಾವು ಆ ತಪ್ಪು ಮಾಡಿ ಅಮ್ಮ ಎರಡು ತಿಂಗಳಲ್ಲಿ ಸೊರಗಿಹೋದರು. ಈಗ ಹಗಲು ಮುದ್ದೆ, ಸೊಪ್ಪಿನ ಸಾರು, ಪಲ್ಯ. ಕಾಳು, ಮೊಸರು ಜಾಸ್ತಿ ಇರುವುದು ರಾತ್ರಿ ಊಟದಲ್ಲಿ. ರಾತ್ರಿ ಅಷ್ಟು ಓಡಾಟ ಇರುವುದಿಲ್ಲವಲ್ಲ.

ಇನ್ನು ಬೇಗ ಇಳಿಯುವುದು ಯಾಕೆ ಅಂದರೆ, ಕೆರೆಯ ಲೆಕ್ಕದಲ್ಲಿ ನೋಡಿ. ಮೊದಮೊದಲು ಮೆದುಳಿನ ಜೀವಕೋಶಗಳು ಬಂದ ಔಷಧಿಯನ್ನು ಹಿಡಿದಿಟ್ಟುಕೊಂಡು ನಿಧಾನ ಬಿಡುತ್ತವೆ. ವರ್ಷ ಕಳೆದಂತೆ ಆ ಜೀವಕೋಶಗಳು ಕಡಿಮೆಯಾಗುತ್ತವೆ, ಕೆರೆಗೆ ಹೂಳು ತುಂಬುತ್ತದೆ. ಮಳೆ ಬಂದಷ್ಟು ಹೊತ್ತು ನೀರು, ಆಮೇಲೆ ಒಣ. ರಕ್ತದಲ್ಲಿ ಈ ಔಷಧಿ ಒಂದೂವರೆ ಗಂಟೆಗೆಲ್ಲ ಅರ್ಧಕ್ಕೆ ಇಳಿಯುತ್ತದೆಯಂತೆ. ಅಮ್ಮನಿಗೆ ದಿನದ ಪ್ರಮಾಣ ಸ್ವಲ್ಪವೇ ಏರಿಸಿ, ಮೂರು ಹೊತ್ತನ್ನು ಐದು ಹೊತ್ತು ಮಾಡಿದರು. ಬೆಳಿಗ್ಗೆ 6, 9.30, ಮಧ್ಯಾಹ್ನ 1, ಸಂಜೆ 4.30, ರಾತ್ರಿ 8. ಫೋನಿನಲ್ಲಿ ಐದು ಅಲಾರಂ. ಮೊದಲನೆಯದನ್ನು ಹಾಸಿಗೆಯಲ್ಲೇ ಕೊಟ್ಟು, ಹಿಡಿದ ಮೇಲೆ ಏಳಿಸುತ್ತೇವೆ. ಬರೀ ಹೊಟ್ಟೆಗೆ ಓಕರಿಕೆ ಬಂದರೆ ಒಂದೆರಡು ಮಾರಿ ಬಿಸ್ಕತ್ತು ಸಾಕು. ನಿಮ್ಮ ತಂದೆಗೆ ಎಷ್ಟು ಹೊತ್ತು, ಎಷ್ಟು ಮಾತ್ರೆ ಅನ್ನುವುದನ್ನು ಅವರ ಡಾಕ್ಟರೇ ಹೇಳಬೇಕು. ಇದು ನಮ್ಮ ಅಮ್ಮನ ಲೆಕ್ಕ.

ಮಾತ್ರೆ ಚೀಟಿಯನ್ನು ಪ್ರತಿ ಸಲ ಓದಿ. 110 ಅಂದರೆ 100 ಮಿಲಿಗ್ರಾಂ ಲೆವೋಡೋಪಾ, 10 ಕಾರ್ಬಿಡೋಪಾ. ಮೆದುಳು ತಲುಪುವ ಮೊದಲೇ ಲೆವೋಡೋಪಾ ಖರ್ಚಾಗದಂತೆ ಕಾಯುವುದು ಕಾರ್ಬಿಡೋಪಾ. ಸಿಆರ್ ಅಂತ ಬರೆದದ್ದು ನಿಧಾನ ಕರಗುವ ಬೇರೆಯೇ ಮಾತ್ರೆ. ಒಮ್ಮೆ ಮೆಡಿಕಲ್ ಶಾಪಿನವರು ಸಾದಾ ಮಾತ್ರೆ ಬದಲು ಸಿಆರ್ ಕೊಟ್ಟರು. ನಾವೂ ನೋಡಲಿಲ್ಲ. ಸಿಆರ್ ಸಾದಾ ಮಾತ್ರೆಗಿಂತ ಸುಮಾರು ಶೇಕಡಾ 30ರಷ್ಟು ಕಡಿಮೆ ಮೈಗೆ ಹತ್ತುತ್ತದೆ, ಹಿಡಿಯುವುದೂ ತಡ. ನುಂಗಲು ಕಷ್ಟ ಅಂತ ನಾನು ಅದನ್ನು ಪುಡಿ ಮಾಡಿ ಬೇರೆ ಕೊಟ್ಟೆ. ಹಾಗೆ ಮಾಡಲೇಬಾರದು. ಒಂದು ವಾರ ಅಮ್ಮ ಪಟ್ಟ ಪಾಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಲಬದ್ಧತೆ ಇದ್ದರೆ ಅದನ್ನೂ ಬರೆದಿಡಿ. ಹೊಟ್ಟೆ ಕಟ್ಟಿದ ದಿನ ಮಾತ್ರೆಯೂ ತಡವಾಗಿ ಹಿಡಿಯುತ್ತದೆ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುತ್ತಿದ್ದರೆ ಎರಡರ ನಡುವೆ ಎಷ್ಟು ಅಂತರ ಬೇಕು ಅಂತ ಕೇಳಿ. ಮೂತ್ರದ, ಬೆವರಿನ ಬಣ್ಣ ಸ್ವಲ್ಪ ಕಪ್ಪಾದರೆ ಹೆದರಬೇಡಿ, ಈ ಔಷಧಿಗೆ ಹಾಗೆ ಆಗುವುದುಂಟು.

ಬೆಂಗಳೂರಿನಿಂದ, ನರ್ಸ್

ಹಾಸನದ ಅಕ್ಕ ಹೇಳಿದ್ದಕ್ಕೆ ನನ್ನದೂ ಸ್ವಲ್ಪ ಸೇರಿಸುತ್ತೇನೆ. ನಾನು ವಾರ್ಡಿನಲ್ಲಿ ಕೆಲಸ ಮಾಡುವವಳು, ಮನೆಯಲ್ಲಿ ಮಾವನವರಿಗೂ ಇದೇ ಕಾಯಿಲೆ.

ಸೋದರತ್ತೆ ಹೇಳಿದರು ಅಂತ ಮಾತ್ರೆಯನ್ನು ಒಮ್ಮೆಲೇ ಬಿಡಿಸಬೇಡಿ. ಇದು ನನ್ನ ಕೈಮುಗಿದ ಬೇಡಿಕೆ. ತಟ್ಟನೆ ನಿಲ್ಲಿಸಿದರೆ ವಿಪರೀತ ಜ್ವರ, ಬಿಗಿತ, ಪ್ರಜ್ಞೆ ತಪ್ಪುವುದು, ಜೀವಕ್ಕೇ ಅಪಾಯ ಆಗಬಹುದು. ಆಸ್ಪತ್ರೆಗೆ ಸೇರಿದಾಗಲೂ, ಆಪರೇಷನ್ ಇದ್ದಾಗಲೂ, ಮಾತ್ರೆ ಗಂಟೆ ತಪ್ಪದ ಹಾಗೆ ಡ್ಯೂಟಿ ಡಾಕ್ಟರಿಗೆ ಮೊದಲೇ ಹೇಳಿ. ವಾರ್ಡಿನಲ್ಲಿ ಔಷಧಿ ಹಂಚುವ ಹೊತ್ತಿಗೂ ಪಾರ್ಕಿನ್‌ಸನ್ ಮಾತ್ರೆಯ ಹೊತ್ತಿಗೂ ತಾಳೆಯಾಗುವುದಿಲ್ಲ.

ಇನ್ನೊಂದು, ಬೇರೆ ಕಾಯಿಲೆಗೆ ಕೊಡುವ ಔಷಧಿ. ಮಾವನವರಿಗೆ ತಲೆಸುತ್ತು ಬಂದಿತ್ತು. ಹತ್ತಿರದ ಕ್ಲಿನಿಕ್‌ನಲ್ಲಿ ಪ್ರೋಕ್ಲೋರ್‌ಪೆರಜಿನ್ ಬರೆದುಕೊಟ್ಟರು. ನಾನು ಊರಲ್ಲಿರಲಿಲ್ಲ. ನಾಲ್ಕೇ ದಿನಕ್ಕೆ ಮಗ್ಗುಲು ಬದಲಿಸಲೂ ಆಗದ ಸ್ಥಿತಿ. ಮನೆಯವರು ಕಾಯಿಲೆ ಜಾಸ್ತಿಯಾಯಿತು ಅಂತ ಅಳುತ್ತಿದ್ದರು. ಲೆವೋಡೋಪಾ ಮೆದುಳಿಗೆ ಹೋಗಿ ಡೋಪಮೈನ್ ಆಗುತ್ತದೆ, ಈ ಕಾಯಿಲೆಯಲ್ಲಿ ಕಡಿಮೆಯಾಗುವುದು ಅದೇ. ತಲೆಸುತ್ತಿನ ಆ ಮಾತ್ರೆ ಮೆದುಳಿನಲ್ಲಿ ಡೋಪಮೈನ್ ಕೆಲಸವನ್ನೇ ತಡೆಯುತ್ತದೆ. ಒಂದು ಕಡೆ ತುಂಬುತ್ತಿದ್ದೇವೆ, ಇನ್ನೊಂದು ಕಡೆ ಬಾಗಿಲು ಹಾಕುತ್ತಿದ್ದೇವೆ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಕೂಡ ಹೀಗೇ. ತಲೆಸುತ್ತಿಗೆ ತಿಂಗಳುಗಟ್ಟಲೆ ನುಂಗುವ ಸಿನ್ನರಿಜಿನ್, ಫ್ಲೂನರಿಜಿನ್, ಆಸ್ಪತ್ರೆಯಲ್ಲಿ ಗಲಾಟೆ ಮಾಡಿದರೆ ಕೊಡುವ ಹ್ಯಾಲೊಪೆರಿಡಾಲ್ ಸಹ. ಇವರಿಗೆ ವಾಂತಿಗೆ ಸಾಮಾನ್ಯವಾಗಿ ಬರೆಯುವುದು ಡೊಂಪೆರಿಡೋನ್, ಅದೂ ಹೃದಯದ ತೊಂದರೆ ಇದ್ದರೆ ಕೇಳಿಯೇ. ಪಾರ್ಕಿನ್‌ಸನ್‌ಗೇ ಕೊಡುವ ರಸಜಿಲಿನ್ ಅನ್ನುವ ಮಾತ್ರೆ ಶುರುವಾದರೆ, ಕೆಮ್ಮಿನ ಸಿರಪ್‌ನಲ್ಲಿ ಡೆಕ್ಸ್ಟ್ರೊಮೆಥೊರ್ಫಾನ್, ನೋವಿಗೆ ಟ್ರಮಡಾಲ್ ಇವೆಯೇ ಅಂತ ನೋಡಿ. ಜೊತೆಗೆ ಕೊಡಬಾರದು. ಈ ಹೆಸರುಗಳನ್ನು ಒಂದು ಕಾರ್ಡಿನಲ್ಲಿ ಬರೆದು ಅಪ್ಪನ ಜೇಬಿನಲ್ಲಿಡಿ.

ಮಂಗಳೂರಿನಿಂದ, ಹೆಂಡತಿ

ಬರೆಯಲು ಸಂಕೋಚ. ಆದರೂ ಯಾರಿಗಾದರೂ ಉಪಯೋಗವಾಗಲಿ.

ನನ್ನ ಗಂಡನಿಗೆ 51ನೇ ವಯಸ್ಸಿಗೇ ಬಂತು. ವಯಸ್ಸು ಕಡಿಮೆ ಅಂತ ಮೊದಲು ಲೆವೋಡೋಪಾ ಬದಲು, ಡೋಪಮೈನ್ ಹಾಗೆ ಕೆಲಸ ಮಾಡುವ ಪ್ರಮಿಪೆಕ್ಸೋಲ್ ಕೊಟ್ಟರು. ನಡುಕ, ಬಿಗಿತ ಚೆನ್ನಾಗಿಯೇ ಕಡಿಮೆಯಾಯಿತು. ಎಂಟು ತಿಂಗಳ ಮೇಲೆ ರಾತ್ರಿ ಎರಡು ಗಂಟೆಗೂ ಮೊಬೈಲ್ ಬೆಳಕು. ಆನ್‌ಲೈನ್ ರಮ್ಮಿ. ಜೀವನದಲ್ಲಿ ಇಸ್ಪೀಟು ಮುಟ್ಟದ ಮನುಷ್ಯ. ಮಗಳ ಮದುವೆಗೆ ಕೂಡಿಟ್ಟದ್ದರಲ್ಲಿ ಅರ್ಧ ಹೋದ ಮೇಲೆ ನನಗೆ ಗೊತ್ತಾದದ್ದು. ಎಷ್ಟು ಜಗಳ ಮಾಡಿದೆ, ಏನೆಲ್ಲ ಅಂದೆ. ಅದು ಮಾತ್ರೆಯಿಂದ ಆಗಬಹುದು ಅಂತ ಯಾರೂ ನಮಗೆ ಮೊದಲು ಹೇಳಿರಲಿಲ್ಲ. ಪ್ರಮಿಪೆಕ್ಸೋಲ್, ರೋಪಿನಿರೋಲ್ ಗುಂಪಿನ ಔಷಧಿಗಳಿಂದ ಕೆಲವರಿಗೆ ಜೂಜು, ಕಂಡದ್ದೆಲ್ಲ ಕೊಳ್ಳುವುದು, ತಿನ್ನುವ ಹುಚ್ಚು, ಕಾಮದ ಆಸೆ ಹತೋಟಿ ಮೀರುತ್ತದೆ. ಕೂತಲ್ಲೇ ತಟ್ಟನೆ ನಿದ್ದೆ ಬರುವುದೂ ಉಂಟು, ಗಾಡಿ ಓಡಿಸುವವರು ಜಾಗ್ರತೆ. ಡಾಕ್ಟರ್ ನಿಧಾನವಾಗಿ ಪ್ರಮಾಣ ಇಳಿಸಿ ಲೆವೋಡೋಪಾಕ್ಕೆ ತಂದರು. ಆಸೆ ತಾನಾಗಿ ಹೋಯಿತು. ಅವರ ನಾಚಿಕೆ ಮಾತ್ರ ಇನ್ನೂ ಹೋಗಿಲ್ಲ. ನಿಮ್ಮ ತಂದೆಗೆ ಈ ಗುಂಪಿನ ಔಷಧಿ ಸೇರಿಸಿದರೆ ಅವರ ಎದುರೇ ಎಲ್ಲ ಬಿಚ್ಚಿ ಮಾತಾಡಿಕೊಳ್ಳಿ. ಆಮೇಲೆ ಬೈಯುವ ಪ್ರಮೇಯ ಬರಬಾರದು.

ಮೈಸೂರಿನಿಂದ

ಖರ್ಚಿನ ಬಗ್ಗೆ ಯಾರೂ ಬರೆದಿಲ್ಲ. ಲೆವೋಡೋಪಾ–ಕಾರ್ಬಿಡೋಪಾ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಜನೌಷಧಿ ಕೇಂದ್ರದಲ್ಲೂ ಕೇಳಿ ನೋಡಿ. ಆದರೆ ತಿಂಗಳಿಗೊಂದು ಕಂಪನಿಯದ್ದು ಬೇಡ, ಒಂದಕ್ಕೆ ಹೊಂದಿಕೊಂಡರೆ ಅದನ್ನೇ ಮುಂದುವರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಪಾರ್ಕಿನ್‌ಸನ್ ಕೂಡ ಇದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು.

ಧಾರವಾಡದಿಂದ, ನಿವೃತ್ತ ಶಿಕ್ಷಕ

ತಮ್ಮಾ, ನಾನು ರೋಗಿಯೇ. ವಯಸ್ಸು 71. ಬೆರಳು ನಿಧಾನ, ಅದಕ್ಕೇ ಉತ್ತರ ತಡವಾಯಿತು.

ಮೊದಲು ನಸುಗುನ್ನಿ ಮಾತು. ನಾವು ಸಣ್ಣವರಿದ್ದಾಗ ಅದರ ಕಾಯಿಯ ರೋಮ ಒಬ್ಬರ ಅಂಗಿಯೊಳಗೆ ಒಬ್ಬರು ಹಾಕಿ ತುರಿಸಿ ತುರಿಸಿ ಅಳಿಸುತ್ತಿದ್ದೆವು. ಅದರ ಬೀಜದಲ್ಲಿ ನಿಜವಾಗಿಯೂ ಲೆವೋಡೋಪಾ ಇದೆ ನೋಡ್ರಿ. 1937ರಲ್ಲೇ ನಮ್ಮ ದೇಶದ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದರು. ಅಂದ ಮೇಲೆ ನಿಮ್ಮ ಸೋದರತ್ತೆ ಹೇಳಿದ್ದು ಸುಳ್ಳಲ್ಲ. ತೊಂದರೆ ಎಲ್ಲಿ ಅಂದರೆ ಒಂದು ಪುಡಿಯಲ್ಲಿ ಎಷ್ಟಿದೆ, ಇನ್ನೊಂದರಲ್ಲಿ ಎಷ್ಟಿದೆ ಅಂತ ಅಳತೆ ಸಿಗುವುದಿಲ್ಲ. ನಾನು ಡಾಕ್ಟರಿಗೆ ಹೇಳದೆ ಗುಳಿಗೆಯ ಜೊತೆಗೆ ದಿನಕ್ಕೆ ಎರಡು ಚಮಚ ತಗೊಂಡೆ. ಹತ್ತು ದಿನಕ್ಕೆ ಕುತ್ತಿಗೆ, ಭುಜ ಹಾವಿನ ಹಾಗೆ ತಾವೇ ಹೊರಳತೊಡಗಿದವು. ಲೆವೋಡೋಪಾ ಹೆಚ್ಚಾದರೆ ಹೀಗಾಗುತ್ತದೆ. ಆಮೇಲೆ ಪುಡಿ ಬಿಟ್ಟೆ, ಗುಳಿಗೆ ಸಣ್ಣ ಸಣ್ಣ ಪಾಲು ಮಾಡಿದರು, ಅಮಂಟಡಿನ್ ಸೇರಿಸಿದರು. ಹೊರಳಾಟ ಬಹಳ ಮಟ್ಟಿಗೆ ನಿಂತಿತು. ಅಮಂಟಡಿನ್ ಸಂಜೆಯ ಮೇಲೆ ತಗೊಂಡರೆ ನಿದ್ದೆ ಬರುವುದಿಲ್ಲ, ನನಗಂತೂ ಹಾಗೆ.

ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಕೂಡ ಕೆಲವು ದಿನ ತಗೊಂಡಿದ್ದೆ. ಬಾಯಿ ಒಣಗಿತು, ಅದು ಹೋಗಲಿ. ಮೂವತ್ತು ವರ್ಷ ಪಾಠ ಮಾಡಿದ ಹಳೆಗನ್ನಡದ ಪದ್ಯ ನಾಲಿಗೆಗೆ ಬರಲಿಲ್ಲ. ಅಂದು ಬಹಳ ಅತ್ತೆ. ಬಿಡಿಸಿದ ಮೇಲೆ ಮರಳಿ ಬಂತು. ವಯಸ್ಸಾದವರಿಗೆ ಅದನ್ನು ಬರೆದರೆ ಒಂದು ಮಾತು ಕೇಳಿ.

ಇನ್ನೊಂದು ಮಾತು. ಹತ್ತು ಗಂಟೆಗೆ ಅಂಗಿ ಗುಂಡಿ ತಾನೇ ಹಾಕಿಕೊಂಡ ಮನುಷ್ಯ ಹನ್ನೆರಡಕ್ಕೆ ಚಹಾದ ಕಪ್ಪು ಎತ್ತಲಾರ. ಮನೆಯವರಿಗೆ ಇದು ನಾಟಕ, ಹಟ ಅನ್ನಿಸುತ್ತದೆ. ನನಗೂ ಅಂದಿದ್ದಾರೆ. ಗುಳಿಗೆ ಇಳಿದಾಗ ಮೈ ಅಷ್ಟೇ ಅಲ್ಲ, ಮನಸ್ಸೂ ಇಳಿಯುತ್ತದೆ. ಕಾರಣವಿಲ್ಲದ ಭಯ, ಬೆವರು. ಅದನ್ನೂ ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಡಾಕ್ಟರಿಗೆ ಬೇಕು. ಹೊಸ್ತಿಲಲ್ಲಿ ಕಾಲು ಅಂಟಿದಾಗ ಎಳೆಯಬೇಡಿ. ನೆಲಕ್ಕೆ ಬಣ್ಣದ ಪಟ್ಟಿ ಅಂಟಿಸಿ, ದಾಟು ಅನ್ನಿ. ನನ್ನ ಮೊಮ್ಮಗಳು ರಂಗೋಲಿ ಗೆರೆ ಎಳೆದುಕೊಡುತ್ತಾಳೆ.

ತುಮಕೂರಿನಿಂದ, ಮಗ

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಒಂಬತ್ತು ದಿನ ಬರೆದೆವು. ಬೆಳಿಗ್ಗೆಯ ಮಾತ್ರೆ ಒಂದು ಲೋಟ ಹಾಲಿನ ಜೊತೆ ಕೊಡುತ್ತಿದ್ದೆವು. 2 ಗಂಟೆಯದು ಹುರುಳಿ ಸಾರು, ಮುದ್ದೆ ಉಂಡು ಕೈ ತೊಳೆದ ಕೂಡಲೇ. ಆರು ವರ್ಷ ಹೀಗೇ! ಆಸ್ಪತ್ರೆಗೆ ಫೋನ್ ಮಾಡಿ ವಿಷಯ ಹೇಳಿದೆ. ಪ್ರಮಾಣ ಈಗಲೇ ಮುಟ್ಟಬೇಡಿ, ಊಟಕ್ಕೆ ಮೊದಲು ಬರೀ ನೀರಿನಲ್ಲಿ ಕೊಡಿ, ನೋಟ್‌ಬುಕ್ ತನ್ನಿ ಅಂದರು. ಭೇಟಿಯನ್ನೂ ಒಂದು ವಾರ ಮೊದಲೇ ಇಟ್ಟುಕೊಟ್ಟರು. ಹನ್ನೆರಡು ಗಂಟೆಯ ಬಿಗಿತ ಇನ್ನೂ ಇದೆ, ಅದಕ್ಕೆ ಹೊತ್ತು ಬದಲಿಸಬೇಕಾಗಬಹುದು.

ನಿನ್ನೆ ಮಧ್ಯಾಹ್ನದ ಮಾತ್ರೆ ಊಟಕ್ಕೆ ಮುಕ್ಕಾಲು ಗಂಟೆ ಮೊದಲು ಕೊಟ್ಟೆವು. ನಾನು ಅಂಗಡಿಯಲ್ಲಿದ್ದೆ. ಮನೆಗೆ ಬಂದು ನೋಡಿದರೆ ‘2.10ಕ್ಕೆ ಹಿಡಿಯಿತು’ ಅಂತ ಅಪ್ಪನೇ ಬರೆದಿಟ್ಟಿದ್ದರು. ಅಕ್ಷರ ಇರುವೆ ಸಾಲಿನಷ್ಟು ಸಣ್ಣದು. ಆದರೆ ಓದಲು ಬಂತು.