ಮ್ಯಾಕ್ಯುಲಾ ಸವೆದ ಕಣ್ಣಿಗೆ ಪೊರೆ ಆಪರೇಷನ್: ಯಾವ ಲೆನ್ಸ್ ಹಾಕಿಸೋದು?

ತುಂಗಾತೀರ ಕೇಳಿದ್ದು:

ನಮಸ್ಕಾರ. ಅಮ್ಮನಿಗೆ 76 ವರ್ಷ. ಎರಡೂ ಕಣ್ಣಲ್ಲಿ ವಯಸ್ಸಿನಿಂದ ಬರುವ ಮ್ಯಾಕ್ಯುಲಾ (ನೇರ ನೋಟ ಕೊಡುವ, ರೆಟಿನಾದ ನಡುಭಾಗ) ಸವೆತ ಇದೆ. ಎಡಗಣ್ಣಿನದು ಡ್ರೈ ಬಗೆ (ನೀರು ಸೋರದೆ ನಿಧಾನ ಸವೆಯುವುದು), ನೋಟ 6/24 (ಬೇರೆಯವರು 24 ಮೀಟರಿಂದ ಓದುವ ಅಕ್ಷರ 6 ಮೀಟರಿನಲ್ಲಿ ಕಾಣುವುದು). ಬಲಗಣ್ಣು ವೆಟ್ (ಒಳಗೆ ನೀರು ಸೋರುವ ಬಗೆ) ಆಗಿ 6/60ಕ್ಕೆ ಇಳಿದಿದೆ. ಅದಕ್ಕೆ ಎಂಟು ವಾರಕ್ಕೊಮ್ಮೆ ಇಂಜೆಕ್ಷನ್ ನಡೀತಿದೆ, ಕಳೆದ ಮೂರು ಓಸಿಟಿ (ರೆಟಿನಾದ ಪದರ ತೋರಿಸುವ) ಸ್ಕ್ಯಾನ್‌ಗಳಲ್ಲಿ ನೀರು ಕಂಡಿಲ್ಲ. ಈಗ ಎರಡೂ ಕಡೆ ಪೊರೆ ಬಲಿತಿದೆ. ಆಸ್ಪತ್ರೆಯ ಕೌನ್ಸೆಲರ್ ಮೂರು ಪ್ಯಾಕೇಜ್ ಮುಂದಿಟ್ಟರು: ಸಾದಾ ಮೊನೊಫೋಕಲ್ (ಒಂದೇ ದೂರಕ್ಕೆ ಫೋಕಸ್ ಆಗುವುದು), ಹಳದಿ ಬಣ್ಣದ ಮೊನೊಫೋಕಲ್, ಕನ್ನಡಕವೇ ಬೇಡ ಅನ್ನುವ ಮಲ್ಟಿಫೋಕಲ್. ಅಮ್ಮನಿಗೆ ಬೇಕಿರುವುದು ಪೇಪರ್ ಮತ್ತು ಪಂಚಾಂಗ ಓದುವುದು, ಟಿವಿಯ ಆಸೆ ಅಷ್ಟಿಲ್ಲ. ಯಾವ ಲೆನ್ಸ್ ಸರಿ? ಆಪರೇಷನ್ನಿಂದ ಮ್ಯಾಕ್ಯುಲಾ ಇನ್ನಷ್ಟು ಹಾಳಾಗುತ್ತದೆಯೇ? ಇಂಜೆಕ್ಷನ್ ನಿಲ್ಲಿಸಬೇಕೇ?

ಕಣ್ಣಳತೆ (ಆಪ್ಟೊಮೆಟ್ರಿಸ್ಟ್):

ಮಲ್ಟಿಫೋಕಲ್ ಬೇಡವೇ ಬೇಡ. ಆ ಲೆನ್ಸ್ ಒಳಗೆ ಬರುವ ಬೆಳಕನ್ನು ದೂರಕ್ಕಿಷ್ಟು, ಹತ್ತಿರಕ್ಕಿಷ್ಟು ಎಂದು ಪಾಲು ಮಾಡುತ್ತದೆ. ಮ್ಯಾಕ್ಯುಲಾ ಸವೆದವರಿಗೆ ಕಾಂಟ್ರಾಸ್ಟ್ ಮೊದಲೇ ಕಡಿಮೆ. ಬೂದು ಕಾಗದದ ಮೇಲಿನ ತಿಳಿ ಅಕ್ಷರ, ಮಬ್ಬಿನಲ್ಲಿ ಮೆಟ್ಟಿಲಿನ ಅಂಚು ಅವರಿಗೆ ಸರಿಯಾಗಿ ಬೇರ್ಪಡುವುದಿಲ್ಲ. ಇದ್ದ ಬೆಳಕನ್ನೂ ಹಂಚಿಬಿಟ್ಟರೆ ಕನ್ನಡಕ ಹಾಕಿದರೂ, ಹಾಕದಿದ್ದರೂ ಓದಲಾಗದ ಸ್ಥಿತಿ ಬರಬಹುದು. ಹಾಕಿದ ಲೆನ್ಸನ್ನು ಆಮೇಲೆ ತೆಗೆಯುವುದು ಸುಲಭದ ಕೆಲಸವಲ್ಲ. ಸಾದಾ ಏಸ್ಫೆರಿಕ್ (ಮಬ್ಬು ಕಡಿಮೆ ಮಾಡುವ ಆಕಾರದ) ಮೊನೊಫೋಕಲ್ ಸಾಕು. ಕಾರ್ನಿಯಾದಲ್ಲಿ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಸಿಲಿಂಡರ್ ಪವರ್ ಹೆಚ್ಚಿದ್ದರೆ ಅದನ್ನು ಸರಿಪಡಿಸುವ ಟೋರಿಕ್ ಮೊನೊಫೋಕಲ್ ಹಾಕಿಸಬಹುದು, ಅದು ಬೆಳಕು ಹಂಚುವುದಿಲ್ಲ.

ಹಳದಿ ಲೆನ್ಸ್ ನೀಲಿ ಬೆಳಕನ್ನು ತಡೆದು ಮ್ಯಾಕ್ಯುಲಾ ಕಾಪಾಡುತ್ತದೆ ಎಂಬ ವಾದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಆಸ್ಪತ್ರೆಯಲ್ಲಿರುವುದು ಅದೇ ಆದರೆ ಹಾಕಿಸಿ, ಆದರೆ ಆ ಕಾರಣಕ್ಕೆ ಹೆಚ್ಚು ದುಡ್ಡು ಕೊಡಬೇಡಿ.

ಕೌನ್ಸೆಲರ್ ಹೇಳದೆ ಬಿಟ್ಟ ದೊಡ್ಡ ವಿಷಯ ಒಂದಿದೆ: ಲೆನ್ಸನ್ನು ಯಾವ ದೂರಕ್ಕೆ ಹೊಂದಿಸುವುದು ಎಂಬುದು. ಯಾರೂ ಏನೂ ಹೇಳದಿದ್ದರೆ ಪವರನ್ನು ದೂರದ ನೋಟಕ್ಕೇ, ಅಂದರೆ ಸೊನ್ನೆಗೆ ಲೆಕ್ಕ ಹಾಕುತ್ತಾರೆ. ಓದುವುದೇ ಮುಖ್ಯವಾದ ನಿಮ್ಮ ತಾಯಿಗೆ ಮೈನಸ್ 2.5 ಡಯಾಪ್ಟರ್ (ಲೆನ್ಸ್ ಪವರಿನ ಅಳತೆ) ಉಳಿಯುವಂತೆ ಕೇಳಿ. ಆಗ 40 ಸೆಂ.ಮೀ.ನಲ್ಲಿ ಬರಿಗಣ್ಣಿಗೆ ಫೋಕಸ್ ಸಿಗುತ್ತದೆ. ಅಕ್ಷರ ದೊಡ್ಡದಾಗಿ ಕಾಣಲು ಪೇಪರನ್ನು 25 ಸೆಂ.ಮೀ.ಗೆ ತಂದುಕೊಳ್ಳುವುದಾದರೆ ಮೇಲೆ ಪ್ಲಸ್ 1.5 ಸಾಕು. ಸೊನ್ನೆಗೆ ಹೊಂದಿಸಿದ್ದರೆ ಅದೇ ದೂರಕ್ಕೆ ಪ್ಲಸ್ 4 ಬೇಕಾಗುತ್ತಿತ್ತು. ಓಡಾಟಕ್ಕೆ ಮೈನಸ್ ಕನ್ನಡಕ ಬೇಕಾಗುತ್ತದೆ, ಇದನ್ನು ಅವರಿಗೆ ಮೊದಲೇ ತಿಳಿಸಿ ಒಪ್ಪಿಸಿ. ಎರಡು ಕಣ್ಣಿನ ಪವರ್ ನಡುವೆ 3 ಡಯಾಪ್ಟರ್‌ಗಿಂತ ಹೆಚ್ಚು ಅಂತರವಾದರೆ ಕನ್ನಡಕ ಹಾಕಿದಾಗ ತಲೆ ತಿರುಗುತ್ತದೆ, ಎರಡನೇ ಕಣ್ಣಿನ ಯೋಜನೆಯೂ ಈಗಲೇ ಆಗಲಿ.

ಅಳತೆಯಲ್ಲೂ ಎಚ್ಚರ ಬೇಕು. ಲೆನ್ಸ್ ಪವರ್ ಲೆಕ್ಕಕ್ಕೆ ಕಣ್ಣನ್ನು ಅಳೆಯುವ ಬಯೋಮೆಟ್ರಿ ಮಷಿನ್ ಒಳಗಿನ ದೀಪವನ್ನು ನೇರ ನೋಡಿದರೆ ಮಾತ್ರ ಕಣ್ಣಿನ ಉದ್ದ ಸರಿಯಾಗಿ ಸಿಗುತ್ತದೆ. ನಡುವಿನ ನೋಟ ಹೋದವರು ಪಕ್ಕದ ಜಾಗದಿಂದ ನೋಡುತ್ತಾರೆ, ಹಾಗಾಗಿ ಮಷಿನ್ ಬೇರೆ ಬಿಂದುವಿನವರೆಗೆ ಅಳೆಯುತ್ತದೆ. ಉದ್ದದಲ್ಲಿ 1 ಮಿ.ಮೀ. ತಪ್ಪಿದರೆ ಕೊನೆಯ ಪವರ್ ಸುಮಾರು 2.5ರಿಂದ 3 ಡಯಾಪ್ಟರ್ ತಪ್ಪುತ್ತದೆ. ವೆಟ್ ಕಣ್ಣಿನಲ್ಲಿ ಊತ ಇದ್ದಾಗ ಅಳೆದರೂ ಉದ್ದ ಕಡಿಮೆ ಬರುತ್ತದೆ. ಎರಡು ಕಣ್ಣಿನ ಉದ್ದದಲ್ಲಿ 0.3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದು, ಕಾರಣ ತಿಳಿಯದಿದ್ದರೆ ಮತ್ತೆ ಅಳೆಸಿ. ಪೊರೆ ದಟ್ಟವಾಗಿ ಬೆಳಕೇ ಒಳಗೆ ಹೋಗದಿದ್ದರೆ ಇಮ್ಮರ್ಷನ್ ಎ-ಸ್ಕ್ಯಾನ್ (ಅಲ್ಟ್ರಾಸೌಂಡ್ ಅಳತೆ) ಮಾಡಿಸಿ.

ರೆಟಿನಾ_ಒಪಿಡಿ:

ಕಣ್ಣಳತೆಯವರ ಮಾತು ಸರಿ. ಉಳಿದ ಎರಡು ಪ್ರಶ್ನೆಗೆ ನಾನು ಹೇಳುತ್ತೇನೆ.

ಅಮೆರಿಕದ ಬೀವರ್ ಡ್ಯಾಮ್, ಆಸ್ಟ್ರೇಲಿಯಾದ ಬ್ಲೂ ಮೌಂಟನ್ಸ್ ಅಧ್ಯಯನಗಳಿಂದ ಪೊರೆ ತೆಗೆಸಿದರೆ ಸವೆತ ಹೆಚ್ಚುತ್ತದೆಯೇನೋ ಎಂಬ ಅನುಮಾನ ಹುಟ್ಟಿತ್ತು. ಆಮೇಲೆ ಬಂದ ಎರೆಡ್ಸ್ (AREDS, ವಯಸ್ಸಿನ ಕಣ್ಣಿನ ರೋಗಗಳ ಬಗೆಗಿನ ಅಮೆರಿಕದ ದೊಡ್ಡ ಅಧ್ಯಯನ) ಅಧ್ಯಯನದ ದೀರ್ಘ ಕಾಲದ ಫಲಿತಾಂಶದಲ್ಲಿ ಅಂಥ ಸ್ಪಷ್ಟ ಏರಿಕೆ ಕಾಣಲಿಲ್ಲ. ಸವೆತ ಮುಂದುವರಿದ ಕಣ್ಣುಗಳಿಗೂ ಆಪರೇಷನ್ನಿಂದ ನೋಟ ಸುಧಾರಿಸಿತ್ತು. ಗೊಂದಲಕ್ಕೆ ಒಂದು ಕಾರಣವೆಂದರೆ ಪೊರೆಯ ಹಿಂದೆ ಅಡಗಿದ್ದ ವೆಟ್ ರೋಗ ಆಪರೇಷನ್ ಆದ ಮೇಲೆ ಕಣ್ಣಿಗೆ ಬೀಳುವುದು. ಅದಕ್ಕೇ ಆಪರೇಷನ್‌ಗೆ ಮುಂಚಿನ ಕೆಲವೇ ವಾರಗಳಲ್ಲಿ ಎರಡೂ ಕಣ್ಣಿನ ಓಸಿಟಿ ಆಗಿರಲೇಬೇಕು, ಡ್ರೈ ಎಂದುಕೊಂಡಿರುವ ಎಡಗಣ್ಣಿನದೂ ಸೇರಿ.

ಇಂಜೆಕ್ಷನ್ ನಿಲ್ಲಿಸಬೇಡಿ. ಇಂಜೆಕ್ಷನ್ ಕೊಟ್ಟು ಒಂದೆರಡು ವಾರಕ್ಕೆ ಬಲಗಣ್ಣಿನ ಆಪರೇಷನ್ ಇಟ್ಟುಕೊಂಡರೆ, ಮುಂದಿನ ಡೋಸ್ ಬರುವ ಹೊತ್ತಿಗೆ ಗಾಯ ಮಾಗಿರುತ್ತದೆ. ಆ ತಾರೀಖು ಮುಂದೆ ಹಾಕಬಾರದು.

ಯಾವ ಕಣ್ಣು ಮೊದಲು? ಬಲಗಣ್ಣಿನ ನಡುವೆ ಗಾಯದ ಕಲೆ ಕೂತಿದ್ದರೆ ಓದಿನ ಮಟ್ಟಿಗೆ ಲಾಭ ಸಿಗುವುದು ಎಡಗಣ್ಣಿನಲ್ಲೇ, ನನ್ನ ಒಲವು ಎಡಕ್ಕೆ. ಎಷ್ಟು ಸುಧಾರಿಸಬಹುದು ಎಂದು ಅಂದಾಜಿಸಲು ಒಳ್ಳೆ ಬೆಳಕಿನಲ್ಲಿ ಪಿನ್‌ಹೋಲ್ (ಸಣ್ಣ ತೂತಿನ ಫಲಕ) ಮೂಲಕ ಹತ್ತಿರದ ಅಕ್ಷರ ಓದಿಸಿ ನೋಡಲು ಕೇಳಿ. ಚೆನ್ನಾಗಿ ಓದಿದರೆ ಭರವಸೆ ಇದೆ. ಓದದಿದ್ದರೆ ಚಾರ್ಟಿನ ಸಾಲು ಹೆಚ್ಚು ಏರದಿರಬಹುದು, ಆದರೂ ಬಣ್ಣ, ಬೆಳಕು, ಅಕ್ಕಪಕ್ಕದ ನೋಟ ತಿಳಿಯಾಗುತ್ತದೆ. ಪೊರೆ ಮುಚ್ಚಿಟ್ಟದ್ದಷ್ಟೇ ಮರಳಿ ಬರುತ್ತದೆ, ಮ್ಯಾಕ್ಯುಲಾ ಕಳೆದುಕೊಂಡದ್ದು ಬರುವುದಿಲ್ಲ. ಇದನ್ನು ತಾಯಿಗೆ ನೀವೇ ಕೂತು ಹೇಳಿ.

ಬರೀ ಮರಗಟ್ಟಿಸುವ ಡ್ರಾಪ್ಸ್ ಹಾಕಿ ಆಪರೇಷನ್ ಮಾಡುವಾಗ ಮೈಕ್ರೋಸ್ಕೋಪಿನ ದೀಪವನ್ನೇ ನೋಡುತ್ತಿರಬೇಕು. ನಡುವಿನ ನೋಟ ಇಲ್ಲದವರ ಕಣ್ಣು ಅಲೆಯುತ್ತದೆ. ಕಣ್ಣು ಅಲುಗದಂತೆ ಮರಗಟ್ಟಿಸಲು ಪಕ್ಕದಲ್ಲಿ ಕೊಡುವ ಬ್ಲಾಕ್ ಇಂಜೆಕ್ಷನ್ ವಾಸಿಯೇ ಎಂದು ಸರ್ಜನ್ ಹತ್ತಿರ ಕೇಳಿ.

ಆಪರೇಷನ್ ಆಗಿ ನಾಲ್ಕರಿಂದ ಆರು ವಾರದೊಳಗೆ ಓಸಿಟಿ ಮಾಡಿಸಿ. ಆ ಹೊತ್ತಿಗೆ ಆಪರೇಷನ್ನಿನ ಉರಿಯೂತದಿಂದಲೇ ಮ್ಯಾಕ್ಯುಲಾದಲ್ಲಿ ನೀರು ತುಂಬುವುದುಂಟು. ಅದು ಸಾಮಾನ್ಯವಾಗಿ ನೆಪಾಫೆನಾಕ್‌ನಂಥ ಡ್ರಾಪ್ಸ್ ಮತ್ತು ಸ್ಟೀರಾಯ್ಡ್ ಡ್ರಾಪ್ಸ್‌ಗೆ ಇಳಿಯುತ್ತದೆ. ವೆಟ್ ರೋಗದ ನೀರಾದರೆ ಇಂಜೆಕ್ಷನ್ನೇ ಬೇಕು. ಸ್ಕ್ಯಾನಿನಲ್ಲಿ ಎರಡೂ ಒಂದೇ ಥರ ಕಾಣಬಹುದು, ಹಳೆಯ ಓಸಿಟಿಗಳನ್ನು ಜೊತೆಗೊಯ್ಯಿರಿ. ಮೊದಲ ವಾರ ನೋವು, ಕೆಂಪು ಹೆಚ್ಚಿ ನೋಟ ಇಳಿದರೆ ಸೋಂಕಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆಮೇಲಾದರೂ ಆಮ್ಸ್ಲರ್ ಚೌಕವನ್ನು (ಗೆರೆಗಳ ಜಾಲ ಇರುವ ಚೀಟಿ) ಓದುವ ದೂರದಲ್ಲಿ ಹಿಡಿದು ಒಂದೊಂದೇ ಕಣ್ಣಲ್ಲಿ ನೋಡುತ್ತಿರಲಿ. ಗೆರೆ ಹೊಸದಾಗಿ ಸೊಟ್ಟ ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ತುಂಗಾತೀರ:

ತುಂಬಾ ಉಪಕಾರವಾಯಿತು. ಕಣ್ಣೊಳಗೇ ಟೆಲಿಸ್ಕೋಪ್ ಕೂರಿಸುವ ವಿಡಿಯೋ ಅಣ್ಣ ಕಳಿಸಿದ್ದಾನೆ. ಈಗ ಸಾದಾ ಲೆನ್ಸ್ ಹಾಕಿಸಿದರೆ ಆ ದಾರಿ ಮುಚ್ಚಿಹೋಗುತ್ತದಾ? ವಿಟಮಿನ್ ಮಾತ್ರೆ ಮುಂದುವರಿಸಬೇಕಾ?

ದಪ್ಪಕ್ಷರ (ಲೋ ವಿಷನ್ ತರಬೇತಿ):

ಆ ಟೆಲಿಸ್ಕೋಪಿಗೆ ಅಮೆರಿಕದ ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ) 2010ರಲ್ಲಿ ಅನುಮತಿ ಕೊಟ್ಟಿತು. ಅದು ಎರಡೂ ಕಣ್ಣಿನ ನಡುವಿನ ನೋಟ ಪೂರ್ತಿ ಕೆಟ್ಟು, ಸುಮಾರು 6/48ರಿಂದ 6/240ರ ನಡುವೆ ಇರುವವರಿಗೆ. ನಿಮ್ಮ ತಾಯಿಯ ಎಡಗಣ್ಣು ಆ ಮಿತಿಗೆ ಬರುವುದಿಲ್ಲ, ಬಲಗಣ್ಣಿನ ವೆಟ್ ರೋಗಕ್ಕೆ ಇನ್ನೂ ಇಂಜೆಕ್ಷನ್ ನಡೆಯುತ್ತಿದೆ. ಸಾಧನದ ಉದ್ದ 4.4 ಮಿ.ಮೀ., ಕೂರಿಸಲು ದೊಡ್ಡ ಗಾಯ ಮಾಡಬೇಕು, ಕಾರ್ನಿಯಾದ ಒಳಪದರದ ಜೀವಕೋಶ ನಷ್ಟವಾಗುತ್ತದೆ. ಒಂದೇ ಕಣ್ಣಿಗೆ ಹಾಕುತ್ತಾರೆ, ಆ ಕಣ್ಣಿನ ಅಕ್ಕಪಕ್ಕದ ನೋಟ ಕಿರಿದಾಗುತ್ತದೆ. ಪೊರೆ ತೆಗೆಸಿದ ಕಣ್ಣಿಗೆ ಅದು ಆಗುವುದಿಲ್ಲ, ನಿಜ. ಆದರೆ ಅದಕ್ಕೆಂದು ಆಪರೇಷನ್ ತಡ ಮಾಡುವುದು ನಿಮ್ಮ ಸಂದರ್ಭದಲ್ಲಿ ತಪ್ಪು. ಮುಂದೆ ಬೇಕೆನಿಸಿದರೆ ಹಾಕಿದ ಲೆನ್ಸಿನ ಮುಂದೆ ಕೂರಿಸುವ ಶಾರಿಯೋತ್ ಲೆನ್ಸ್ ಇದೆ, ನಡುವಿನ 1.5 ಮಿ.ಮೀ.ನಲ್ಲಿ ಪ್ಲಸ್ 10 ಪವರ್. ಅದರಲ್ಲಿ ಪುಸ್ತಕವನ್ನು 15 ಸೆಂ.ಮೀ. ಹತ್ತಿರ ಹಿಡಿಯಬೇಕು. ಅಷ್ಟು ಹತ್ತಿರ ಹಿಡಿದು ಓದುವ ಒಗ್ಗು ಇದೆಯೇ ಎಂದು ಮೊದಲು ಹೊರಗಿನ ಕನ್ನಡಕದಲ್ಲೇ ಪರೀಕ್ಷಿಸುತ್ತಾರೆ.

ಮಲ್ಟಿಫೋಕಲ್‌ಗೆ ಕೊಡಬೇಕಾಗಿದ್ದ ಹೆಚ್ಚುವರಿ ದುಡ್ಡಿನಲ್ಲಿ ಎಲ್ಇಡಿ ಇರುವ ಸ್ಟ್ಯಾಂಡ್ ಮ್ಯಾಗ್ನಿಫೈಯರ್ ಮತ್ತು ಕತ್ತು ಬಾಗುವ ಟೇಬಲ್ ದೀಪ ತೆಗೆದುಕೊಳ್ಳಿ. ದೀಪ ಹೆಗಲ ಹಿಂದಿನಿಂದ, ಹಾಳೆಯ ಮೇಲೆ ಬೀಳಬೇಕು, ಕಣ್ಣಿಗಲ್ಲ. ಕೊನೆಯ ಕನ್ನಡಕ ಬರೆಸುವುದು ಪವರ್ ನಿಂತ ಮೇಲೆ, ನಾಲ್ಕರಿಂದ ಆರು ವಾರಕ್ಕೆ. ಆಗ ಅಮ್ಮ ದಿನಾ ಓದುವ ಪಂಚಾಂಗವನ್ನೇ ಕೊಂಡೊಯ್ದು ಅದರಲ್ಲೇ ಪರೀಕ್ಷೆ ಮಾಡಿಸಿ. ಪಂಚಾಂಗದ ಅಕ್ಷರ ಪೇಪರಿಗಿಂತ ಚಿಕ್ಕದು.

ಮಾತ್ರೆ ಡಾಕ್ಟರು ಬರೆದಿದ್ದರೆ ಮುಂದುವರಿಸಿ, ಆಪರೇಷನ್‌ಗೂ ಅದಕ್ಕೂ ಸಂಬಂಧವಿಲ್ಲ. ಎರೆಡ್ಸ್-2 (ಎರೆಡ್ಸ್‌ನ ಎರಡನೇ ಅಧ್ಯಯನ) ಅಳತೆ ದಿನಕ್ಕೆ ಹೀಗಿದೆ: ವಿಟಮಿನ್ ಸಿ 500 ಮಿ.ಗ್ರಾಂ, ವಿಟಮಿನ್ ಇ 400 ಐಯು, ಲೂಟಿನ್ 10 ಮಿ.ಗ್ರಾಂ, ಜಿಯಾಕ್ಸಾಂಥಿನ್ 2 ಮಿ.ಗ್ರಾಂ, ಸತು 80 ಮಿ.ಗ್ರಾಂ, ತಾಮ್ರ 2 ಮಿ.ಗ್ರಾಂ. ಕಣ್ಣಿನ ಮಾತ್ರೆ ಎಂದು ಮೆಡಿಕಲ್ ಶಾಪಿನಲ್ಲಿ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಈ ಪ್ರಮಾಣ ಇರುವುದಿಲ್ಲ, ಪಟ್ಟಿಯ ಹಿಂಬದಿ ಓದಿ ಹೋಲಿಸಿ. ಬೀಡಿ, ಸಿಗರೇಟು ಸೇದುವವರು ಅಥವಾ ಸೇದಿ ಬಿಟ್ಟವರು ಬೀಟಾ ಕ್ಯಾರೊಟಿನ್ ಇರುವುದನ್ನು ತೆಗೆದುಕೊಳ್ಳಬಾರದು, ಅವರಲ್ಲಿ ಅದು ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚಿಸುತ್ತದೆ.