ಅಪ್‌ಡೇಟ್: ಮಣ್ಣೆತ್ತಿನ ವಾರ, 3-4 ವರ್ಷದ 22 ಮಕ್ಕಳು

ಗದಗ ಕಡೆಯ ನಮ್ಮ ಶಾಲೆಯಲ್ಲಿ ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆ ಇಟ್ಟುಕೊಂಡು ಒಂದು ವಾರದ ಪಾಠ ಹೇಗೆ ಕಟ್ಟಲಿ, ಹತ್ತು ನಿಮಿಷಕ್ಕೇ ಮಕ್ಕಳು ಎದ್ದು ಓಡುತ್ತಾರೆ ಅಂತ ಹಿಂದೆ ಇಲ್ಲಿ ಕೇಳಿದ್ದೆ. ವಾರ ಮುಗಿಯಿತು. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ.

ಎತ್ತು ಮಾಡಲು ಬರೀ ಎರಿ ಮಣ್ಣು (ಕಪ್ಪು ಮಣ್ಣು) ಬೇಡವೇ ಬೇಡ. ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಮೂರು ಪಾಲು ಎರಿ ಮಣ್ಣಿಗೆ ಒಂದು ಪಾಲು ಸಣ್ಣ ಮರಳು ಸರಿಹೋಯಿತು. ಗಾಜು, ಮುಳ್ಳು ಹೋಗುವಂತೆ ಜರಡಿ ಹಿಡಿದು, ಹಿಂದಿನ ದಿನವೇ ನೆನೆಹಾಕಿ. ಮಗುವಿಗೆ 150 ಗ್ರಾಂ, ಒಟ್ಟು ಮೂರೂವರೆ ಕಿಲೋ ಸಾಕು.

ಎತ್ತಿನ ಕಾಲನ್ನು ಬೇರೆ ಮಾಡಿ ಅಂಟಿಸಿದರೆ ಒಣಗಿದ ಮೇಲೆ ಉದುರುತ್ತದೆ. ಒಂದೇ ಉಂಡೆಯಿಂದ ನಾಲ್ಕು ಮೂಲೆ ಚಿವುಟಿ ಎಳೆಯಬೇಕು. ಹೆಬ್ಬೆರಳಿನಷ್ಟು ದಪ್ಪ, ಗಿಡ್ಡ. ಈ ಚಿವುಟುವುದೇ ಮುಂದೆ ಪೆನ್ಸಿಲ್ ಹಿಡಿಯುವ ಬೆರಳಿಗೆ ಕಸುವು ಕೊಡುತ್ತದೆ, ಹಾಗಾಗಿ ಚೆಂದ ಕಾಣಲೆಂದು ನಾವು ತಿದ್ದಬಾರದು.

ಎತ್ತಿನ ಕಣ್ಣಿಗೆ ಗುಲಗಂಜಿ ಇಡಿ ಎಂದು ಉತ್ತರದಲ್ಲಿ ಹೇಳಿದ್ದರು. ಅದು ವಿಷದ ಬೀಜ, ತರಗತಿಗೆ ತರಲೇಬೇಡಿ. ಜೋಳದ ಕಾಳೂ ಮೂಗಿಗೆ ಹೋದೀತು. ಕಡ್ಡಿಯಿಂದ ಚುಚ್ಚಿದರೆ ಕಣ್ಣಾಯಿತು.

ಓಡಾಟ ನಿಂತದ್ದು ಗುಂಪು ಮಾಡಿದ್ದರಿಂದ: ಏಳೆಂಟು ಮಕ್ಕಳು ಮಣ್ಣಿಗೆ, ಉಳಿದವರು ಶಾಲೆಯ ಸಹಾಯಕಿಯ ಜೊತೆ ಹಾಡು, ಎಲೆ ಬೇರ್ಪಡಿಸುವುದು. ಹನ್ನೆರಡು ನಿಮಿಷಕ್ಕೆ ಅದಲುಬದಲು. ಎತ್ತುಗಳನ್ನು ನೆರಳಲ್ಲಿ ಮೂರು ದಿನ ಒಣಗಿಸಿ, ಬಿಸಿಲಿಗಿಟ್ಟರೆ ಸೀಳುತ್ತವೆ.