ಗೋಸ್ಟ್‌ಸ್ಕ್ರಿಪ್ಟ್ ಜೊತೆಗೆ ಕೊಟ್ಟರೆ ಗ್ರಾಹಕರ ಕಂಪ್ಯೂಟರ್‌ನಲ್ಲಿ ವರ್ಷನ್ ಜಗಳ. ತಪ್ಪಿಸೋದು ಹೇಗೆ?

ಪ್ರಶ್ನೆ:
ನಮಸ್ಕಾರ. ದಾವಣಗೆರೆಯಲ್ಲಿ ಜವಳಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿ ಮಾರುತ್ತೇನೆ. ವಿಂಡೋಸ್‌ಗೆ ಮಾತ್ರ. ತಿಂಗಳ ಬಿಲ್ಲುಗಳನ್ನೆಲ್ಲ ಒಂದೇ ಪಿಡಿಎಫ್ ಮಾಡೋಕೆ ಗೋಸ್ಟ್‌ಸ್ಕ್ರಿಪ್ಟ್ ಎಂಬ ಪಿಡಿಎಫ್ ಪ್ರೋಗ್ರಾಂನ 10.03.1 ವರ್ಷನ್ ಅನ್ನು ನಮ್ಮ ಇನ್‌ಸ್ಟಾಲರ್ ಜೊತೆಗೇ ಕೊಡುತ್ತೇನೆ. ಒಬ್ಬ ಗ್ರಾಹಕರಲ್ಲಿ ಅದು ಶುರುವಾಗೋದೇ ಇಲ್ಲ. ಇಂಟರ್‌ಪ್ರಿಟರ್ (ಮುಖ್ಯ ಪ್ರೋಗ್ರಾಂ) ರಿವಿಷನ್‌ಗೂ ಅದು ಶುರುವಾಗುವಾಗ ಓದುವ ‘ಜಿಎಸ್_ಇನಿಟ್.ಪಿಎಸ್’ ಫೈಲಿನ ರಿವಿಷನ್‌ಗೂ ತಾಳೆ ಆಗುತ್ತಿಲ್ಲ ಅಂತ ಎರರ್ ಬರುತ್ತದೆ. ಅದೇ ಕಂಪ್ಯೂಟರ್‌ನಲ್ಲಿ ಲೇಬಲ್ ಪ್ರಿಂಟ್ ಮಾಡುವ ಬೇರೆ ಸಾಫ್ಟ್‌ವೇರ್ ಇದೆ, ಅದು ಗೋಸ್ಟ್‌ಸ್ಕ್ರಿಪ್ಟ್‌ನ ಹಳೆಯ 9.26 ಹಾಕಿಕೊಂಡಿದೆ. ಹಳೆಯದನ್ನು ತೆಗೆದರೆ ಅವರ ಲೇಬಲ್ ಕೆಲಸ ನಿಲ್ಲುತ್ತದೆ. ಏನು ಮಾಡಲಿ?

ಉತ್ತರ 1:
ಹಳೆಯದನ್ನು ದಯವಿಟ್ಟು ಮುಟ್ಟಬೇಡಿ ಸರ್. ಅದು ನಿಮ್ಮದಲ್ಲ, ಗ್ರಾಹಕರು ದುಡ್ಡು ಕೊಟ್ಟು ತಂದದ್ದು.

ಕಮಾಂಡ್ ಪ್ರಾಂಪ್ಟ್ ತೆಗೆದು ‘ಸೆಟ್ ಜಿಎಸ್’ ಅಂತ ಕೊಟ್ಟು ನೋಡಿ. ಜಿಎಸ್ ಅಂತ ಶುರುವಾಗುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳೆಲ್ಲ (ಪ್ರೋಗ್ರಾಂಗಳು ಓದುವ ವಿಂಡೋಸ್ ಸೆಟ್ಟಿಂಗ್‌ಗಳು) ಬರುತ್ತವೆ. ‘ಜಿಎಸ್_ಲಿಬ್’ ಇದ್ದು, ಅದು 9.26ರ ಫೋಲ್ಡರ್ ತೋರಿಸುತ್ತಿದ್ದರೆ ಕಳ್ಳ ಸಿಕ್ಕಿದ ಹಾಗೆ. ಗೋಸ್ಟ್‌ಸ್ಕ್ರಿಪ್ಟ್ ತನ್ನೊಳಗಿನ ಫೈಲುಗಳಿಗಿಂತ ಮೊದಲು ಅಲ್ಲಿ ಹುಡುಕುತ್ತದೆ. ನಿಮ್ಮ ಹೊಸ ಎಕ್ಸಿ (ಪ್ರೋಗ್ರಾಂ ಫೈಲ್) ಹಳೆಯ ಇನಿಟ್ ಫೈಲನ್ನು ಎತ್ತಿಕೊಂಡಿರುತ್ತದೆ, ಅಷ್ಟೇ.

ಆ ವೇರಿಯಬಲ್ ಅನ್ನು ಸಿಸ್ಟಮ್‌ನಲ್ಲಿ ಬದಲಿಸಬೇಡಿ. ನಿಮ್ಮ ಪ್ರೋಗ್ರಾಂ ಗೋಸ್ಟ್‌ಸ್ಕ್ರಿಪ್ಟ್ ಕರೆಯುವಾಗ, ಆ ಚೈಲ್ಡ್ ಪ್ರೋಸೆಸ್‌ಗೆ (ನಿಮ್ಮ ಪ್ರೋಗ್ರಾಂ ಶುರುಮಾಡುವ ಪ್ರೋಗ್ರಾಂಗೆ) ಕೊಡುವ ಎನ್ವಿರಾನ್‌ಮೆಂಟ್‌ನಲ್ಲಿ ಮಾತ್ರ ‘ಜಿಎಸ್_ಲಿಬ್’ ತೆಗೆದುಹಾಕಿ, ಇಲ್ಲಾಂದ್ರೆ ನಿಮ್ಮ ಫೋಲ್ಡರ್ ಕೊಡಿ. ಎಕ್ಸಿಯನ್ನು ಪೂರ್ತಿ ಪಾಥ್ ಕೊಟ್ಟೇ ಕರೆಯಿರಿ. ‘ಪ್ರೋಗ್ರಾಂ ಫೈಲ್ಸ್’ ನಡುವೆ ಸ್ಪೇಸ್ ಇದೆ, ಕೋಟ್ಸ್ ಹಾಕೋದು ಮರೀಬೇಡಿ. ಸಿಸ್ಟಮ್ ಪಾಥ್‌ಗೆ (ವಿಂಡೋಸ್ ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಗೆ) ಏನನ್ನೂ ಸೇರಿಸಬೇಡಿ. ಸೇರಿಸಿದರೆ ನಾಳೆ ಇನ್ನೊಬ್ಬರ ಸಾಫ್ಟ್‌ವೇರ್‌ಗೆ ನೀವೇ ತೊಂದರೆ ಕೊಟ್ಟ ಹಾಗಾಗುತ್ತದೆ, ಅಲ್ವಾ?

ಇನ್ನೊಂದು ಕೇಳಬೇಕು. ಗೋಸ್ಟ್‌ಸ್ಕ್ರಿಪ್ಟ್‌ನ ಸ್ವಂತ ಇನ್‌ಸ್ಟಾಲರ್ ಅನ್ನು ಹಿನ್ನೆಲೆಯಲ್ಲಿ ಓಡಿಸುತ್ತಿದ್ದೀರಾ? ಹಾಗಿದ್ದರೆ ಅದನ್ನು ನಿಲ್ಲಿಸಿ. ಅದು ಎಲ್ಲರಿಗೂ ಸೇರಿದ ‘ಜಿಎಸ್’ ಫೋಲ್ಡರ್‌ಗೆ ಹೋಗಿ ಕೂರುತ್ತದೆ. ಇನ್ನೊಬ್ಬರೂ ಅದೇ 10.03.1 ಕೊಟ್ಟಿದ್ದರೆ, ಅವರ ಅನ್‌ಇನ್‌ಸ್ಟಾಲ್ ನಿಮ್ಮದನ್ನೂ ಅಳಿಸುತ್ತದೆ. ಫೈಲುಗಳನ್ನು ನಿಮ್ಮ ಸಾಫ್ಟ್‌ವೇರ್‌ನ ಫೋಲ್ಡರ್ ಒಳಗೇ ಕಾಪಿ ಮಾಡಿಡಿ.

ಉತ್ತರ 2:
ಮೇಲಿನದು ಸರಿ. ಆದರೆ ಸ್ವಂತ ಕಾಪಿ ಇಟ್ಟುಕೊಂಡ ಮೇಲೆ ಅದರ ಅಪ್‌ಡೇಟ್ ಪೂರ್ತಿ ನಿಮ್ಮ ತಲೆಮೇಲೆ. 2023ರಲ್ಲಿ ಸಿವಿಇ-2023-36664 ಅಂತ ಗೋಸ್ಟ್‌ಸ್ಕ್ರಿಪ್ಟ್‌ನ ಒಂದು ಗಂಭೀರ ಭದ್ರತಾ ದೋಷ ಹೊರಬಂತು, 10.01.2ರಲ್ಲಿ ಸರಿಯಾಯಿತು. ಗ್ರಾಹಕರು ಬೇರೆ ಕಡೆ ಎಷ್ಟೇ ಅಪ್‌ಡೇಟ್ ಮಾಡಿದರೂ ನಿಮ್ಮ ಫೋಲ್ಡರ್‌ನಲ್ಲಿರುವುದು ಬದಲಾಗಲ್ಲ. ಆ ಲೇಬಲ್‌ನವರು 9.26ರಲ್ಲೇ ನಿಂತಿರೋದಕ್ಕೂ ಕಾರಣ ಇರಬಹುದು. 9.50ರಿಂದ ‘ಸೇಫರ್’ ಮೋಡ್ ತಾನಾಗಿಯೇ ಆನ್ ಇರುತ್ತದೆ. ಬೇಕಾದ ಫೈಲ್ ಓದಲು ಹಳೆಯ ಸ್ಕ್ರಿಪ್ಟ್‌ಗಳಿಗೆ ಬಿಡುವುದಿಲ್ಲ, ಪ್ರತ್ಯೇಕವಾಗಿ ಅನುಮತಿ ಕೊಡಬೇಕು.

ಲೈಸೆನ್ಸ್ ನೋಡಿದ್ದೀರಾ? 2013ರಿಂದ ಗೋಸ್ಟ್‌ಸ್ಕ್ರಿಪ್ಟ್‌ನದು ಎಜಿಪಿಎಲ್ (ಹಂಚಿದರೆ ಸೋರ್ಸ್ ಕೋಡ್ ಕೂಡ ಕೊಡಬೇಕೆನ್ನುವ ಲೈಸೆನ್ಸ್). ಸೋರ್ಸ್ ಕೊಡದೆ ಮಾರುವ ಸಾಫ್ಟ್‌ವೇರ್ ಜೊತೆ ಹಂಚುವ ಮೊದಲು ಗೋಸ್ಟ್‌ಸ್ಕ್ರಿಪ್ಟ್ ಮಾಡುವ ಆರ್ಟಿಫೆಕ್ಸ್ ಕಂಪನಿಯವರ ಕಮರ್ಷಿಯಲ್ ಲೈಸೆನ್ಸ್ ಬಗ್ಗೆ ವಿಚಾರಿಸಿ. ಇದನ್ನು ಸುಮ್ನೆ ಹೇಳುತ್ತಿಲ್ಲ, ವರ್ಷನ್ ಜಗಳಕ್ಕಿಂತ ಇದು ದೊಡ್ಡದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ‘ಸೆಟ್ ಜಿಎಸ್’ ಕೊಟ್ಟ ತಕ್ಷಣ 9.26ರ ಪಾಥ್ ಬಂತು. ಚೈಲ್ಡ್ ಪ್ರೋಸೆಸ್‌ನಲ್ಲಿ ಅದನ್ನು ತೆಗೆದೆ, ಪಿಡಿಎಫ್ ಬಂತು, ಅವರ ಲೇಬಲ್ ಕೂಡ ಮೊದಲಿನಂತೆ ಪ್ರಿಂಟ್ ಆಗುತ್ತಿದೆ. ಮುಂದಿನ ಬಿಡುಗಡೆಯಲ್ಲಿ ಫೈಲುಗಳು ನಮ್ಮ ಫೋಲ್ಡರ್‌ಗೇ ಹೋಗುತ್ತವೆ. ಲೈಸೆನ್ಸ್ ಬಗ್ಗೆ ಇವತ್ತೇ ಆರ್ಟಿಫೆಕ್ಸ್‌ಗೆ ಮೇಲ್ ಹಾಕುತ್ತೇನೆ. ಉತ್ತರ ಬರೋವರೆಗೆ ಹೊಸಬರಿಗೆ ಈ ಪಿಡಿಎಫ್ ಸೌಲಭ್ಯ ಕೊಡುವುದಿಲ್ಲ.